ಶಿಫಾರಸು ಪತ್ರದಲ್ಲಿ ಒಂದೂ ಸುಳ್ಳಿಲ್ಲ. ಆದರೂ ಹುಡುಗಿಗೆ ಅನ್ಯಾಯ ಆಯ್ತಾ?

ಲ್ಯಾಬ್ ಮೇಡಂ, ತುಮಕೂರು ಜಿಲ್ಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ತತ್ವಶಾಸ್ತ್ರ ನನ್ನ ವಿಷಯ ಅಲ್ಲ. ಆದರೆ ಎರಡು ವಾರದಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. ಭಾಷೆಯ ಬಗ್ಗೆ ಆಳವಾಗಿ ಯೋಚಿಸುವವರು ಇಲ್ಲಿ ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳು ಶಿಫಾರಸು ಪತ್ರ ಕೇಳಿಕೊಂಡು ಬರುತ್ತಾರೆ. ಬೇಸಿಗೆಯಲ್ಲಿ ದೊಡ್ಡ ಸಂಸ್ಥೆಗಳಲ್ಲಿ ನಡೆಯುವ ಸಂಶೋಧನಾ ತರಬೇತಿಗೆ, ಎಂಎಸ್ಸಿ ಸೀಟಿಗೆ. ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ನೇರವಾಗಿ ಅವರಿಗೇ ಕಳಿಸುತ್ತೇನೆ. ಮಕ್ಕಳಿಗೆ ತೋರಿಸುವುದಿಲ್ಲ. ಮೊನ್ನೆ ಹಳೇ ಕಂಪ್ಯೂಟರಿನಿಂದ ಫೈಲುಗಳನ್ನು ಹೊಸದಕ್ಕೆ ಹಾಕುತ್ತಿದ್ದೆ. ಒಂದೇ ವರ್ಷ, ಒಂದೇ ತರಬೇತಿಗೆ ಬರೆದ ಎರಡು ಪತ್ರಗಳು ಕಣ್ಣಿಗೆ ಬಿದ್ದವು. ಒಂದು ಹುಡುಗನದ್ದು, ಒಂದು ಹುಡುಗಿಯದ್ದು. ಇಬ್ಬರೂ ನನ್ನ ಬ್ಯಾಚಿನ ಒಳ್ಳೆಯ ಮಕ್ಕಳು. ಹುಡುಗಿಗೆ ಮಾರ್ಕ್ಸ್ ಒಂದು ಕೈ ಜಾಸ್ತಿನೇ ಇತ್ತು.

ಹುಡುಗನ ಪತ್ರದಲ್ಲಿ ‘ಒರಿಜಿನಲ್’, ‘ಬ್ರಿಲಿಯಂಟ್’ ಎಂದು ಬರೆದಿದ್ದೇನೆ. ತರಗತಿಯಲ್ಲಿ ಅವನು ಕೇಳುವ ಪ್ರಶ್ನೆಗಳು ಪಠ್ಯಪುಸ್ತಕ ದಾಟಿ ಹೋಗುತ್ತವೆ ಎಂದು ಬರೆದಿದ್ದೇನೆ. ಹುಡುಗಿಯ ಪತ್ರದಲ್ಲಿ ‘ಸಿನ್ಸಿಯರ್’, ‘ಹಾರ್ಡ್‌ವರ್ಕಿಂಗ್’. ಹಾಜರಾತಿ ಚೆನ್ನಾಗಿದೆ, ಲ್ಯಾಬ್ ರೆಕಾರ್ಡ್ ಅಚ್ಚುಕಟ್ಟು, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾಳೆ, ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಾಳೆ.

ಎರಡೂ ಪತ್ರದಲ್ಲಿ ಸುಳ್ಳಿಲ್ಲ. ಅವನು ಅಂಥ ಪ್ರಶ್ನೆ ಕೇಳುತ್ತಿದ್ದದ್ದು ನಿಜ. ಅವಳ ರೆಕಾರ್ಡ್ ಅಚ್ಚುಕಟ್ಟಾಗಿದ್ದದ್ದೂ ನಿಜ. ಹುಡುಗನಿಗೆ ತರಬೇತಿ ಸಿಕ್ಕಿತು. ಹುಡುಗಿಗೆ ಸಿಗಲಿಲ್ಲ. ಕಾರಣ ನನ್ನ ಪತ್ರವೇ ಎಂದು ಹೇಳಲಾರೆ, ಅಲ್ಲಿ ನೂರು ವಿಷಯ ನೋಡುತ್ತಾರೆ.

ಆದರೆ ಆ ಅಚ್ಚುಕಟ್ಟಾದ ರೆಕಾರ್ಡಿನಲ್ಲಿ ಏನಿತ್ತು ಎಂದು ನೆನಪಿಸಿಕೊಂಡಾಗ ನನ್ನ ನಿದ್ದೆ ಹಾರಿಹೋಯಿತು.

ನ್ಯೂಟನ್ನನ ಉಂಗುರಗಳ ಪ್ರಯೋಗ ಗೊತ್ತಿರಬಹುದು. ಗಾಜಿನ ತಟ್ಟೆಯ ಮೇಲೆ ಉಬ್ಬಿದ ಮಸೂರ ಇಟ್ಟು, ಸೋಡಿಯಂ ದೀಪದ ಬೆಳಕು ಬಿಡುತ್ತೇವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳದಿ ಮತ್ತು ಕಪ್ಪು ಉಂಗುರಗಳು ಕಾಣುತ್ತವೆ. ನಟ್ಟ ನಡುವೆ ಕಪ್ಪು ಚುಕ್ಕೆ ಇರಬೇಕು. ಆ ದಿನ ಅವಳಿಗೆ ಹೊಳೆಯುವ ಚುಕ್ಕೆ ಬಂತು. ಬೇರೆಯವರಾಗಿದ್ದರೆ ‘ಮೇಡಂ, ಬರ್ತಾ ಇಲ್ಲ’ ಎನ್ನುತ್ತಿದ್ದರು, ಇಲ್ಲವೇ ಪುಸ್ತಕದಲ್ಲಿ ಇರುವಂತೆ ಕಪ್ಪು ಚುಕ್ಕೆ ಬರೆದುಬಿಡುತ್ತಿದ್ದರು. ಇವಳು ಕಂಡದ್ದನ್ನೇ ಬರೆದಳು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಟಿಪ್ಪಣಿ ಹಾಕಿದ್ದಳು. ‘ಮಸೂರ ಮತ್ತು ತಟ್ಟೆಯ ನಡುವೆ ಧೂಳು ಇರಬೇಕು, ಪೂರ್ತಿ ತಾಗಿಲ್ಲ. ಆದರೆ ವ್ಯಾಸದ ವರ್ಗವನ್ನು ಉಂಗುರದ ಸಂಖ್ಯೆಯ ಎದುರು ಗ್ರಾಫ್ ಹಾಕಿದರೆ ಗೆರೆ ಮೇಲೆ ಕೆಳಗೆ ಸರಿಯುತ್ತದೆ ಅಷ್ಟೇ, ಇಳಿಜಾರು ಬದಲಾಗುವುದಿಲ್ಲ. ಹಾಗಾಗಿ ಉತ್ತರ ಸರಿಯೇ ಬರುತ್ತದೆ.’ ನೂರಕ್ಕೆ ನೂರು ಸರಿ. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ. ಓದಿದೆ, ಖುಷಿಯಾಯಿತು, ಸಹಿ ಹಾಕಿದೆ. ನಾಲ್ಕು ತಿಂಗಳಾದ ಮೇಲೆ ಪತ್ರದಲ್ಲಿ ಬರೆದದ್ದು: ರೆಕಾರ್ಡ್ ಅಚ್ಚುಕಟ್ಟು.

ಆಮೇಲೆ ಕೂತು ಎಲ್ಲ ಪತ್ರಗಳನ್ನೂ ತೆಗೆದು ನೋಡಿದೆ. ಸಿಕ್ಕಿದ್ದು 34. ಅದರಲ್ಲಿ 21 ಹುಡುಗಿಯರದ್ದು. ‘ಬ್ರಿಲಿಯಂಟ್’ ಅಥವಾ ‘ಒರಿಜಿನಲ್’ ಎಂಬ ಮಾತು ಹುಡುಗರ 13 ಪತ್ರಗಳಲ್ಲಿ ಏಳರಲ್ಲಿ ಇದೆ. ಹುಡುಗಿಯರ 21ರಲ್ಲಿ ಎರಡರಲ್ಲಿ. ಬರೆದವಳು ನಾನು, ಒಬ್ಬ ಹೆಂಗಸು. ಎಂಎಸ್ಸಿಯಲ್ಲಿ ‘ಹೆಣ್ಮಕ್ಕಳಿಗೆ ಥಿಯರಿ ಯಾಕಮ್ಮಾ’ ಎಂದು ಕೇಳಿಸಿಕೊಂಡು ಬಂದವಳು.

ಒಂದು ತರಬೇತಿ ಶಿಬಿರದಲ್ಲಿ ಅಮೆರಿಕದ ಅಧ್ಯಯನವೊಂದರ ಬಗ್ಗೆ ಕೇಳಿದ್ದೆ. 2012ರದ್ದು. 127 ಜನ ವಿಜ್ಞಾನದ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಕೆಲಸದ ಒಂದೇ ಅರ್ಜಿ ಕಳಿಸಿದರು. ಕೆಲವರಿಗೆ ಜಾನ್ ಎಂಬ ಹೆಸರಿನಲ್ಲಿ, ಕೆಲವರಿಗೆ ಜೆನ್ನಿಫರ್ ಎಂಬ ಹೆಸರಿನಲ್ಲಿ. ಜಾನ್‌ಗೆ ವರ್ಷಕ್ಕೆ ಸರಾಸರಿ 30 ಸಾವಿರ ಡಾಲರಿನ ಮೇಲೆ ಸಂಬಳ ಕೊಡಬಹುದು ಎಂದರು. ಜೆನ್ನಿಫರ್‌ಗೆ 26 ಸಾವಿರ ಚಿಲ್ಲರೆ. ಪ್ರಾಧ್ಯಾಪಕಿಯರೂ ಹಾಗೇ ಮಾಡಿದ್ದರು. ಆಗ ಕೇಳಿ ಬೇಜಾರು ಮಾಡಿಕೊಂಡಿದ್ದೆ. ಅದು ನನ್ನ ಬಗ್ಗೆಯೂ ಇರಬಹುದು ಎಂದು ಹೊಳೆದಿರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಬರೆದ ಪ್ರತಿ ವಾಕ್ಯವೂ ನಿಜವಾಗಿದ್ದರೆ ತಪ್ಪು ಎಲ್ಲಿದೆ? ಮಾತಿನಲ್ಲಿದೆಯಾ, ಮನಸ್ಸಿನಲ್ಲಿದೆಯಾ? ಮನಸ್ಸಿನಲ್ಲಿದ್ದರೆ ನನಗೇ ಗೊತ್ತಾಗದ್ದನ್ನು ನಾನು ಹೇಗೆ ಸರಿ ಮಾಡಿಕೊಳ್ಳಲಿ?

---

ಕನ್ನಡ ಮೇಷ್ಟ್ರು, ಪುತ್ತೂರು ಕಡೆ

ಮೇಡಂ, ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತನಾದವನು. ನಿಮ್ಮ ಮೊದಲ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಪಾಲ್ ಗ್ರೈಸ್ ಎಂಬ ತತ್ವಶಾಸ್ತ್ರಜ್ಞ 1967ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಒಂದು 1975ರಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಉದಾಹರಣೆಯೇ ಶಿಫಾರಸು ಪತ್ರ! ತತ್ವಶಾಸ್ತ್ರದ ಕೆಲಸಕ್ಕೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರು ಬರೆಯುತ್ತಾನೆ. ಹುಡುಗನ ಇಂಗ್ಲಿಷ್ ಚೆನ್ನಾಗಿದೆ, ಪಾಠಕ್ಕೆ ತಪ್ಪದೆ ಬರುತ್ತಾನೆ. ಅಷ್ಟೇ. ಎರಡೂ ನಿಜ. ಆದರೆ ಓದಿದವನು ಏನು ತಿಳಿದುಕೊಳ್ಳುತ್ತಾನೆ? ಈ ಹುಡುಗನಿಗೆ ತತ್ವಶಾಸ್ತ್ರ ಬರುವುದಿಲ್ಲ ಎಂದು. ಗುರುವಿಗೆ ವಿಷಯ ಗೊತ್ತು, ಏನು ಕೇಳುತ್ತಿದ್ದಾರೆ ಎನ್ನುವುದೂ ಗೊತ್ತು. ಆದರೂ ಬುದ್ಧಿಯ ಬಗ್ಗೆ ಸುಮ್ಮನಿದ್ದಾನೆ. ಆ ಮೌನವೇ ಮಾತಾಡುತ್ತದೆ.

ನಮ್ಮವರಿಗೆ ಇದು ಹೊಸದಲ್ಲ. ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಇದನ್ನೇ ಧ್ವನಿ ಎಂದು ಕರೆದ. ಅವನು ಕೊಡುವ ಉದಾಹರಣೆಯೊಂದರಲ್ಲಿ ಒಬ್ಬ ಹೆಂಗಸು ಹೂ ಕೊಯ್ಯಲು ಬರುವವನಿಗೆ ಹೇಳುತ್ತಾಳೆ: ಇನ್ನು ಧೈರ್ಯವಾಗಿ ಓಡಾಡು, ನಿನ್ನನ್ನು ಹೆದರಿಸುತ್ತಿದ್ದ ನಾಯಿಯನ್ನು ಗೋದಾವರಿ ದಡದ ಸಿಂಹ ಕೊಂದುಹಾಕಿತು. ಮಾತು ‘ಬಾ’ ಎನ್ನುತ್ತದೆ. ಧ್ವನಿ ‘ಬರಬೇಡ’ ಎನ್ನುತ್ತದೆ. ಆದರೆ ಆ ಹೆಂಗಸಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತು. ಗ್ರೈಸನ ಗುರುವಿಗೂ ಗೊತ್ತು. ನಿಮಗೆ ಗೊತ್ತಿರಲಿಲ್ಲ. ಓದಿದವರಿಗೆ ಮಾತ್ರ ಅರ್ಥ ಹೋಗಿ ಮುಟ್ಟಿತು. ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಹೊಸದು ಇದೇ ಎಂದು ನನಗೆ ಅನಿಸುತ್ತದೆ.

ಕನ್ನಡದಲ್ಲಿ ಇನ್ನೂ ಒಂದು ಜಾಗ ಇದೆ. ‘ಆದರೂ’ ಎಂಬ ಪದ. ‘ಹೆಣ್ಣಾದರೂ ಧೈರ್ಯವಂತೆ’ ಎಂದು ಎಷ್ಟು ಸಲ ಬರೆದಿದ್ದೇವೆ! ಸನ್ಮಾನ ಪತ್ರಗಳಲ್ಲಿ ನಾನೇ ಬರೆದುಕೊಟ್ಟಿದ್ದೇನೆ. ಯಾರಾದರೂ ಎದ್ದು ನಿಂತು ‘ಅದು ಸುಳ್ಳು’ ಎಂದರೆ ಏನಾಗುತ್ತದೆ? ಅವಳು ಧೈರ್ಯವಂತೆ ಅಲ್ಲ ಎಂದು ಹೇಳಿದಂತಾಗುತ್ತದೆ. ಹೆಣ್ಣಿಗೆ ಧೈರ್ಯ ಇರುವುದಿಲ್ಲ ಎಂಬ ಮಾತು ‘ಆದರೂ’ ಒಳಗೆ ಬೆಚ್ಚಗೆ ಕೂತಿರುತ್ತದೆ. ‘ಇಲ್ಲ’ ಎಂದರೂ ಅದನ್ನು ಮುಟ್ಟಲು ಆಗುವುದಿಲ್ಲ. ಅದನ್ನು ಹೊರಗೆಳೆಯಬೇಕಾದರೆ ಮಾತು ನಿಲ್ಲಿಸಿ, ‘ಹೆಣ್ಣಾದರೂ ಎಂದರೆ ಏನು ನಿಮ್ಮ ಅರ್ಥ?’ ಎಂದು ಕೇಳಬೇಕು. ಸನ್ಮಾನ ಸಮಾರಂಭದಲ್ಲಿ ಯಾರು ಕೇಳುತ್ತಾರೆ?

ಇನ್ನು ‘ಹೆಣ್ಣುಮಕ್ಕಳು ಕಷ್ಟಪಟ್ಟು ಓದುತ್ತಾರೆ’ ಎಂಬ ವಾಕ್ಯ. ಇದರಲ್ಲಿ ‘ಎಲ್ಲರೂ’ ಇಲ್ಲ, ‘ಕೆಲವರು’ ಇಲ್ಲ. ‘ಸೊಳ್ಳೆ ಡೆಂಗಿ ಹರಡುತ್ತದೆ’ ಎಂದ ಹಾಗೆ. ಹೆಚ್ಚಿನ ಸೊಳ್ಳೆಗಳಲ್ಲಿ ಡೆಂಗಿ ಇಲ್ಲವೇ ಇಲ್ಲ, ಗಂಡು ಸೊಳ್ಳೆ ಕಚ್ಚುವುದೂ ಇಲ್ಲ. ಆದರೂ ಆ ವಾಕ್ಯ ನಮಗೆ ಸರಿ ಎನಿಸುತ್ತದೆ. ಸಾರಾ ಜೇನ್ ಲೆಸ್ಲಿ ಎಂಬ ತತ್ವಶಾಸ್ತ್ರಜ್ಞೆ ಇಂಥ ವಾಕ್ಯಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಲೆಕ್ಕ ಇಲ್ಲದ ವಾಕ್ಯಕ್ಕೆ ಎದುರು ಉದಾಹರಣೆ ಕೊಟ್ಟು ಸೋಲಿಸಲು ಆಗುವುದಿಲ್ಲ. ಒಬ್ಬ ಸೋಮಾರಿ ಹುಡುಗಿಯನ್ನು ತೋರಿಸಿ, ಹತ್ತು ಜನರನ್ನು ತೋರಿಸಿ, ವಾಕ್ಯ ಹಾಗೇ ನಿಂತಿರುತ್ತದೆ. ಅದು ಹುಡುಗಿಯರ ಸ್ವಭಾವವೇ ಎಂದು ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು. ಇಂಥ ಚರ್ಚೆ ಬಂದಾಗ ಕೆಲವರು ಎಲ್ಲ ತಪ್ಪನ್ನೂ ವ್ಯಾಕರಣದ ಮೇಲೆ ಹಾಕುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ನಮ್ಮ ಮನೆ ಮಾತು ಹವ್ಯಕ. ನಮ್ಮ ಕಡೆ ಹೆಂಗಸಿನ ಬಗ್ಗೆ ‘ಅದು’ ಎಂದೇ ಹೇಳುತ್ತೇವೆ. ತೆಲುಗಿನಲ್ಲೂ ಏಕವಚನದ ಕ್ರಿಯಾಪದ ಹೆಂಗಸಿಗೂ ವಸ್ತುವಿಗೂ ಒಂದೇ. ಕೇಳಿದವರು ಗಾಬರಿಯಾಗುತ್ತಾರೆ. ಆದರೆ ನನ್ನ ಅಮ್ಮನನ್ನು ಹಾಗೆ ಕರೆದಾಗ ಅದರಲ್ಲಿ ಪ್ರೀತಿ ಕಡಿಮೆ ಇರಲಿಲ್ಲ. ಅತ್ತ, ಹೆಂಗಸಿಗೆ ಬೇರೆ ಸರ್ವನಾಮ, ಬೇರೆ ಕ್ರಿಯಾಪದ ಇಟ್ಟುಕೊಂಡ ಊರಿನಲ್ಲೂ ಹುಡುಗಿಯ ಪತ್ರ ನಿಮ್ಮ ಪತ್ರದ ಹಾಗೇ ಇರುತ್ತದೆ. ವ್ಯಾಕರಣ ನೋಡಿದರೆ ಸಾಲದು. ಯಾರ ಬಗ್ಗೆ ಯಾವುದನ್ನು ಹೇಳುವುದು ಬಿಟ್ಟಿದ್ದೇವೆ ಎಂದು ನೋಡಬೇಕು.

---

ಅಂಕಿಸಂಖ್ಯೆಯವನು, ಬೆಂಗಳೂರು

ಮೇಡಂ, ನಿಮ್ಮ ಪ್ರಾಮಾಣಿಕತೆ ನೋಡಿ ಗೌರವ ಬಂತು. ಆದರೆ ಎರಡು ಕಡೆ ಎಚ್ಚರಿಕೆ ಬೇಕು ಅನಿಸುತ್ತದೆ. ನಾನು ದಿನವೂ ಅಂಕಿಸಂಖ್ಯೆಯ ಕೆಲಸ ಮಾಡುವವನು, ಅದಕ್ಕೆ ಹೇಳುತ್ತಿದ್ದೇನೆ. ಬೇರೆ ಉದ್ದೇಶ ಇಲ್ಲ.

‘ಅರಿವಿಗೆ ಬಾರದ ಪೂರ್ವಗ್ರಹ’ ಎನ್ನುವುದು ಜನರ ಬಾಯಿಗೆ ಬಂದದ್ದು ಹೆಚ್ಚಾಗಿ ಒಂದು ಕಂಪ್ಯೂಟರ್ ಪರೀಕ್ಷೆಯಿಂದ. ಅದನ್ನು 1998ರಲ್ಲಿ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಜೊತೆಯವರು ಪ್ರಕಟಿಸಿದರು. ಪದಗಳನ್ನು ಎರಡು ಗುಂಪಿಗೆ ಬೇಗ ಬೇಗ ವಿಂಗಡಿಸಬೇಕು. ಎಷ್ಟು ಮಿಲಿಸೆಕೆಂಡ್ ತಡವಾಯಿತು ಎಂದು ನೋಡಿ ಮನಸ್ಸಿನಲ್ಲಿ ಏನು ಯಾವುದಕ್ಕೆ ಅಂಟಿಕೊಂಡಿದೆ ಎಂದು ಹೇಳುತ್ತಾರೆ. ತೊಂದರೆ ಏನೆಂದರೆ, ಒಬ್ಬರೇ ಎರಡು ಸಲ ಮಾಡಿದರೆ ಫಲಿತಾಂಶ ಸಾಕಷ್ಟು ಬದಲಾಗುತ್ತದೆ. 2019ರಲ್ಲಿ 490ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಇಂಥ ಪರೀಕ್ಷೆಯ ಅಂಕ ಬದಲಾದರೆ ನಡವಳಿಕೆ ಬದಲಾಗುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. ಅರ್ಧ ದಿನದ ಶಿಬಿರ ಮಾಡಿ ‘ನಿಮ್ಮ ಪೂರ್ವಗ್ರಹ ತೊಳೆದೆವು’ ಎನ್ನುವವರನ್ನು ನಾನು ನಂಬುವುದಿಲ್ಲ.

ಎಲ್ಲ ಅಧ್ಯಯನವೂ ಒಂದೇ ದಿಕ್ಕಿಗೆ ಇಲ್ಲ. ನೀವು ಹೇಳಿದ 2012ರ ಅಧ್ಯಯನಕ್ಕೆ ಎದುರಾಗಿ 2015ರಲ್ಲಿ ವೆಂಡಿ ವಿಲಿಯಮ್ಸ್ ಮತ್ತು ಸ್ಟೀಫನ್ ಸೀಸಿ ಮಾಡಿದ ಪ್ರಯೋಗ ಇದೆ. ಪ್ರಾಧ್ಯಾಪಕ ಹುದ್ದೆಗೆ ಸಮಾನ ಅರ್ಹತೆಯ ಕಾಲ್ಪನಿಕ ಅಭ್ಯರ್ಥಿಗಳನ್ನು ಕೊಟ್ಟಾಗ ಹೆಂಗಸರನ್ನೇ ಸುಮಾರು ಎರಡು ಪಟ್ಟು ಆರಿಸಿದರು. ಹಾಗೆಯೇ 2007ರಲ್ಲಿ ರಸಾಯನಶಾಸ್ತ್ರದ 886 ಶಿಫಾರಸು ಪತ್ರಗಳನ್ನು ನೋಡಿದವರಿಗೆ ವ್ಯತ್ಯಾಸಕ್ಕಿಂತ ಹೋಲಿಕೆಯೇ ಜಾಸ್ತಿ ಕಂಡಿತು.

ನಿಮ್ಮದು 34 ಪತ್ರ. ಆ ಏಳು ಹುಡುಗರು ನಿಜವಾಗಿ ಅಷ್ಟು ಚುರುಕಾಗಿದ್ದರೇನೋ. ಲೆಕ್ಕದಿಂದ ಅದನ್ನು ತಳ್ಳಿಹಾಕಲು ಆಗುವುದಿಲ್ಲ.

---

ಲ್ಯಾಬ್ ಮೇಡಂ

ಮೇಷ್ಟ್ರೇ, ತುಂಬಾ ಧನ್ಯವಾದ. ‘ಆದರೂ’ ಬಗ್ಗೆ ಓದಿ ನನ್ನ ಪತ್ರಗಳಲ್ಲಿ ಹುಡುಕಿದೆ. ಇಂಗ್ಲಿಷಿನಲ್ಲೂ ಅದೇ ಇದೆ. ‘ಮೆದು ಮಾತಿನ ಹುಡುಗಿಯಾದರೂ ವಿಷಯದಲ್ಲಿ ಗಟ್ಟಿ’ ಎಂಬ ಅರ್ಥದ ವಾಕ್ಯ ಮೂರು ಕಡೆ ಸಿಕ್ಕಿತು.

ಅಂಕಿಸಂಖ್ಯೆಯವರೇ, 34 ಸಣ್ಣ ಲೆಕ್ಕ ಎನ್ನುವುದು ಒಪ್ಪುತ್ತೇನೆ. ನಾನೂ ಪ್ರಯೋಗ ಕಲಿಸುವವಳು. ಆದರೆ ನನ್ನ ಸಂಕಟ ಏಳು ಮತ್ತು ಎರಡರ ಬಗ್ಗೆ ಅಲ್ಲ. ಆ ಒಂದು ಪುಟದ ಬಗ್ಗೆ. ಆ ಟಿಪ್ಪಣಿ ನನ್ನ ಕಣ್ಣೆದುರು ಇತ್ತು. ಓದಿದ್ದೆ. ಪತ್ರ ಬರೆಯುವಾಗ ಅದು ‘ಅಚ್ಚುಕಟ್ಟು’ ಎಂಬ ಒಂದು ಮಾತಾಗಿ ಹೋಯಿತು. ಹುಡುಗನೊಬ್ಬ ಅದೇ ಟಿಪ್ಪಣಿ ಬರೆದಿದ್ದರೆ ನಾನು ಅದನ್ನು ಸ್ಟಾಫ್ ರೂಮಿಗೆ ತಂದು ಎಲ್ಲರಿಗೂ ತೋರಿಸುತ್ತಿದ್ದೆನಾ? ತೋರಿಸುತ್ತಿದ್ದೆ ಅನಿಸುತ್ತದೆ. ಇದಕ್ಕೆ ಮಿಲಿಸೆಕೆಂಡಿನ ಪರೀಕ್ಷೆ ಬೇಡ.

---

ಪಿಎಚ್‌ಡಿ ಮುಗಿಸಿದವಳು, ಪುಣೆ

ಮೇಡಂ, ನಾನು ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದವಳು. ನಿಮ್ಮ ಪೋಸ್ಟ್ ಓದಿ ಕೈ ನಡುಗಿತು. ಯಾಕೆಂದರೆ ನಾನು ಆ ಪತ್ರದ ಇನ್ನೊಂದು ತುದಿಯಲ್ಲಿ ಇದ್ದವಳು.

ಡಿಗ್ರಿ ಮುಗಿದ ಮೇಲೆ ನನ್ನ ಬಗ್ಗೆ ಬರೆದ ಪತ್ರದ ಪ್ರತಿ ಒಂದು ದಿನ ಅಕಸ್ಮಾತ್ ಕಣ್ಣಿಗೆ ಬಿತ್ತು. ಯಾರು ಬರೆದದ್ದು, ಎಲ್ಲಿ ಎಂದು ಹೇಳುವುದಿಲ್ಲ. ಅವರು ಕೆಟ್ಟವರಲ್ಲ, ನನಗೆ ಫೀಸು ಕಟ್ಟಲು ಸಹಾಯ ಮಾಡಿದವರು. ಪತ್ರದಲ್ಲಿ ‘ಬಡ ಕುಟುಂಬದ ವಿನಯವಂತ ಹುಡುಗಿ, ತುಂಬಾ ಶ್ರಮಜೀವಿ’ ಎಂದಿತ್ತು. ಓದಿ ಅತ್ತೆ. ಬೈದಿದ್ದರೆ ಜಗಳ ಆಡಬಹುದಿತ್ತು. ಹೊಗಳಿದ್ದಾರಲ್ಲ, ಏನು ಹೇಳಲಿ? ನಾನೇ ಕೃತಘ್ನೆ ಅನಿಸಿತು.

ಕಮಲಾ ಸೊಹೊನಿ ಅವರ ಕತೆ ಆಗಾಗ ನೆನಪಾಗುತ್ತದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೇ ಸೇರಿಸಿಕೊಳ್ಳುವುದಿಲ್ಲ ಎಂದರು. ಕಮಲಾ ಬಿಡಲಿಲ್ಲ. ಹೋಗಿ ಎದುರು ನಿಂತು ಕೇಳಿದರು. ಕೊನೆಗೆ ರಾಮನ್ ಒಂದು ವರ್ಷ ನೋಡೋಣ ಎಂದು, ಷರತ್ತು ಹಾಕಿ ಸೇರಿಸಿಕೊಂಡರು. ಕಮಲಾ 1939ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಪಡೆದರು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು. ಅವರಿಗೆ ಆದದ್ದು ಘೋರ ಅನ್ಯಾಯ. ಆದರೆ ಆ ಅನ್ಯಾಯಕ್ಕೆ ಮುಖ ಇತ್ತು. ಎದುರು ನಿಂತು ‘ಯಾಕೆ?’ ಎಂದು ಕೇಳಲು ಆಗುತ್ತಿತ್ತು. ಮುಚ್ಚಿದ ಲಕೋಟೆಯೊಳಗಿನ ಹೊಗಳಿಕೆಗೆ ‘ಯಾಕೆ?’ ಎಂದು ಕೇಳುವವರು ಯಾರು?

ಅಂಕಿಸಂಖ್ಯೆಯವರಿಗೆ ಒಂದು ಮಾತು. ಸರ್, ನೀವು ಹೇಳಿದ 886 ಪತ್ರಗಳ ಅಧ್ಯಯನವನ್ನು ನಾನೂ ಓದಿದ್ದೇನೆ. ಹೋಲಿಕೆ ಜಾಸ್ತಿ ಇದ್ದದ್ದು ನಿಜ. ಆದರೆ ಅದರಲ್ಲೇ ಒಂದು ವ್ಯತ್ಯಾಸವೂ ಸಿಕ್ಕಿತ್ತು. ‘ಅಸಾಧಾರಣ’ ಎಂಬಂಥ ಎದ್ದು ಕಾಣುವ ಪದಗಳು ಗಂಡಸರ ಪತ್ರಗಳಲ್ಲಿ ಜಾಸ್ತಿ ಇದ್ದವು. ಮೇಡಂ ಕಂಡದ್ದೂ ಅದನ್ನೇ ಅಲ್ವಾ? 2003ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಕಾಲೇಜಿನ 300ಕ್ಕೂ ಹೆಚ್ಚು ಪತ್ರಗಳನ್ನು ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ನೋಡಿದ್ದರು. ಅಲ್ಲೂ ಹೆಂಗಸರ ಪತ್ರಗಳು ಚಿಕ್ಕವು. ದುಡಿಮೆಯ ಮಾತು ಜಾಸ್ತಿ. ‘ಅವಳ ಪಾಠ’, ‘ಅವನ ಸಂಶೋಧನೆ’.

ದುಡಿಮೆ ಎಂದರೆ ಕೀಳು ಅಂತ ನಾನು ಹೇಳುತ್ತಿಲ್ಲ. ನಾನು ದುಡಿದೇ ಬಂದವಳು. ಆದರೆ ಕೆಲವು ವಿಷಯಗಳಲ್ಲಿ ದುಡಿಮೆಗೆ ಬೆಲೆ ಕಡಿಮೆ. ಮೇಷ್ಟ್ರು ಹೇಳಿದ ಲೆಸ್ಲಿ, ಆಂಡ್ರೇ ಸಿಂಪಿಯನ್ ಮತ್ತು ಜೊತೆಯವರು 2015ರಲ್ಲಿ ಅಮೆರಿಕದ 30 ವಿಷಯಗಳ ವಿದ್ವಾಂಸರನ್ನು ಕೇಳಿದರು. ನಿಮ್ಮ ವಿಷಯದಲ್ಲಿ ಮೇಲೆ ಬರಲು ಹುಟ್ಟು ಪ್ರತಿಭೆ ಬೇಕೇ ಬೇಕಾ? ಹೌದು ಎನ್ನುವವರು ಜಾಸ್ತಿ ಇದ್ದ ವಿಷಯಗಳಲ್ಲಿ ಪಿಎಚ್‌ಡಿ ಮಾಡಿದ ಹೆಂಗಸರು ಕಡಿಮೆ. ಭೌತಶಾಸ್ತ್ರ, ಗಣಿತ, ತತ್ವಶಾಸ್ತ್ರ ಆ ಸಾಲಿನವು. ಹೆಣ್ಣಿನ ವಿಷಯದಲ್ಲಿ ನ್ಯಾಯವಾಗಿ ಯೋಚಿಸುವುದು ಹೇಗೆ ಎಂದು ಬರೆಯುವ ತತ್ವಶಾಸ್ತ್ರದಲ್ಲೇ ಹೀಗಿದೆ. ಅಂಥ ಕಡೆಗೆ ಹೋಗುವ ಪತ್ರದಲ್ಲಿ ‘ಶ್ರಮಜೀವಿ’ ಎಂದು ಮಾತ್ರ ಬರೆದರೆ ಅದು ಗ್ರೈಸ್ ಹೇಳಿದ ‘ಇಂಗ್ಲಿಷ್ ಚೆನ್ನಾಗಿದೆ’ ಎಂಬ ಮಾತೇ ಆಗುತ್ತದೆ.

ಇದು ಎಷ್ಟು ಬೇಗ ಶುರುವಾಗುತ್ತದೆ ಗೊತ್ತಾ? 2017ರಲ್ಲಿ ಲಿನ್ ಬಿಯಾನ್ ಮತ್ತು ಇದೇ ಲೆಸ್ಲಿ, ಸಿಂಪಿಯನ್ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡಿದರು. ಐದು ವರ್ಷದ ಹುಡುಗಿಯರು ‘ತುಂಬಾ ತುಂಬಾ ಬುದ್ಧಿವಂತರು’ ಯಾರು ಎಂದರೆ ತಮ್ಮವರನ್ನೇ ತೋರಿಸುತ್ತಾರೆ, ಹುಡುಗರ ಹಾಗೇ. ಆರು, ಏಳು ವರ್ಷಕ್ಕೆ ಅದು ಇಳಿಯುತ್ತದೆ. ಆದರೆ ಶಾಲೆಯಲ್ಲಿ ಒಳ್ಳೆಯ ಮಾರ್ಕ್ಸ್ ಯಾರಿಗೆ ಎಂದರೆ ಹುಡುಗಿಯರಿಗೆ ಎಂದೇ ಹೇಳುತ್ತಾರೆ. ಬುದ್ಧಿವಂತರ ಆಟ ಎಂದರೆ ಹಿಂದೆ ಸರಿಯುತ್ತಾರೆ. ತುಂಬಾ ಪ್ರಯತ್ನ ಪಡುವವರ ಆಟ ಎಂದರೆ ಸರಿಯುವುದಿಲ್ಲ. ಓದುವಾಗ ನಮ್ಮೂರಿನ ಪೇಪರ್ ನೆನಪಾಯಿತು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನ, ‘ಈ ಬಾರಿಯೂ ಬಾಲಕಿಯರೇ ಮೇಲುಗೈ’. ಪೇಪರ್ ಮಡಚುತ್ತಾ ನಮ್ಮ ದೊಡ್ಡಪ್ಪ ಹೇಳುತ್ತಿದ್ದರು: ‘ಹುಡ್ಗ್ಯಾರು ಮನ್ಯಾಗ ಕುಂತು ಬಾಯಿಪಾಠ ಮಾಡ್ತಾವ, ಹುಡುಗ್ರಿಗೆ ತಲಿ ಐತಿ, ಓದೂದಿಲ್ಲ ಅಷ್ಟ.’ ಗೆದ್ದ ದಿನವೂ ನಮ್ಮ ಗೆಲುವನ್ನು ಹುಡುಗರ ತಲೆಗೇ ಬರೆದುಕೊಟ್ಟರು. ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಆ ವರ್ಷ ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು.

ನಿಮ್ಮ ಕೊನೆಯ ಪ್ರಶ್ನೆ, ಹೇಗೆ ಸರಿ ಮಾಡಿಕೊಳ್ಳುವುದು. ಭಾಷೆಯ ತತ್ವಶಾಸ್ತ್ರದಲ್ಲಿ ಕೆಲಸ ಮಾಡಿದ ಜೆನ್ನಿಫರ್ ಸೋಲ್ 2013ರಲ್ಲಿ ಬರೆದ ಒಂದು ಲೇಖನ ನನಗೆ ಸಹಾಯ ಮಾಡಿತು. ತತ್ವಶಾಸ್ತ್ರದಲ್ಲಿ ಹಳೇ ಸಂಶಯ ಒಂದಿದೆ. ಈ ಲೋಕ ಎಲ್ಲ ಕನಸಾಗಿದ್ದರೆ? ಅಂಥ ಸಂಶಯ ಇಟ್ಟುಕೊಂಡೂ ಸಂತೆಗೆ ಹೋಗಿ ತರಕಾರಿ ತರಬಹುದು, ಬದುಕು ಬದಲಾಗುವುದಿಲ್ಲ. ಆದರೆ ‘ಈ ಹುಡುಗಿಯ ಬಗ್ಗೆ ನನ್ನ ಅಂದಾಜೇ ವಾಲಿದೆಯೋ ಏನೋ’ ಎಂಬ ಸಂಶಯ ಬಂದರೆ ಸುಮ್ನೆ ಕೂರಲು ಆಗುವುದಿಲ್ಲ. ಏನಾದರೂ ಮಾಡಲೇಬೇಕಾಗುತ್ತದೆ. ಹಾಗೆಂದು ಇನ್ನೂ ಗಟ್ಟಿಯಾಗಿ ಮನಸ್ಸು ಮಾಡಿದರೆ ಪ್ರಯೋಜನ ಇಲ್ಲ, ಏಕೆಂದರೆ ಸಂಶಯ ಇರುವುದೇ ಆ ಮನಸ್ಸಿನ ಮೇಲೆ. ಕೆಲಸ ಮಾಡುವ ಕ್ರಮ ಬದಲಾಯಿಸಬೇಕು. ನಾನು ಈಗ ಪತ್ರ ಬರೆಯುವಾಗ ಗುಣದ ಪದಗಳನ್ನು ಮೊದಲು ಬರೆಯುವುದೇ ಇಲ್ಲ. ಆ ವಿದ್ಯಾರ್ಥಿ ಮಾಡಿದ ಒಂದು ಕೆಲಸವನ್ನು ಮೊದಲು ಬರೆಯುತ್ತೇನೆ. ಎಂದು, ಏನು, ಹೇಗೆ. ವಿಶೇಷಣ ಕೊನೆಗೆ.

---

ಅಂಕಿಸಂಖ್ಯೆಯವನು

ಮೇಡಂ, ಮತ್ತು ಪುಣೆಯವರೇ, ಆ ಎದ್ದು ಕಾಣುವ ಪದಗಳ ವಿಷಯ ನಾನು ಬಿಟ್ಟಿದ್ದು ತಪ್ಪಾಯಿತು. ಮತ್ತೆ ತೆಗೆದು ನೋಡಿದೆ, ನೀವು ಹೇಳಿದ್ದು ಸರಿ. ಪರೀಕ್ಷೆ ಸಡಿಲವಾಗಿದೆ ಎಂದ ಮಾತ್ರಕ್ಕೆ ರೋಗ ಇಲ್ಲ ಎಂದಾಗುವುದಿಲ್ಲ. ಶಿಬಿರಗಳ ಬಗ್ಗೆ ನನ್ನ ಅಪನಂಬಿಕೆ ಹಾಗೇ ಇದೆ. ಆದರೆ ಕೆಲಸವನ್ನು ಮೊದಲು ಬರೆದು ವಿಶೇಷಣ ಆಮೇಲೆ ಎಂಬ ಕ್ರಮ ನನಗೆ ಹಿಡಿಸಿತು. ನಾವು ಕಂಪನಿಯಲ್ಲಿ ವರ್ಷಕ್ಕೊಮ್ಮೆ ಜೊತೆಯವರ ಬಗ್ಗೆ ಬರೆಯುತ್ತೇವೆ. ಈ ಸಲ ಹಾಗೇ ಬರೆಯುತ್ತೇನೆ. ನನ್ನ ತಂಡದಲ್ಲಿ ಒಬ್ಬರ ಬಗ್ಗೆ ಮೂರು ವರ್ಷದಿಂದ ‘ತಾಳ್ಮೆ ಜಾಸ್ತಿ, ಸಹಕಾರಿ’ ಎಂದೇ ಬರೆಯುತ್ತಾ ಬಂದಿದ್ದೇನೆ ಎನ್ನುವುದು ಈಗ ನೆನಪಿಗೆ ಬಂತು.

---

ಲ್ಯಾಬ್ ಮೇಡಂ

ಎಲ್ಲರಿಗೂ ಧನ್ಯವಾದ. ಪುಣೆಯವರೇ, ನಿಮ್ಮ ದೊಡ್ಡಪ್ಪನ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಸ್ಟಾಫ್ ರೂಮಿನಲ್ಲೂ ಅದೇ ಮಾತು, ಸ್ವಲ್ಪ ನಯವಾಗಿ.

ನಿನ್ನೆ ಕೂತು ಒಂದು ಕೆಲಸ ಮಾಡಿದೆ. ಈ ವರ್ಷ ನಾಲ್ಕು ಪತ್ರ ಬರೆಯಬೇಕು. ಮೂರು ಹುಡುಗಿಯರು, ಒಬ್ಬ ಹುಡುಗ. ಮೊದಲು ಅವರ ರೆಕಾರ್ಡ್‌ಗಳನ್ನು ತರಿಸಿಕೊಂಡೆ. ಒಬ್ಬಳ ಪೊಟೆನ್ಶಿಯೋಮೀಟರ್ (ವೋಲ್ಟೇಜ್ ಹೋಲಿಸಿ ಅಳೆಯುವ ಉಪಕರಣ) ಪ್ರಯೋಗದಲ್ಲಿ ರೀಡಿಂಗ್ ಪ್ರತಿ ಸಲ ಒಂದೇ ಕಡೆಗೆ ಜಾರುತ್ತಿತ್ತು. ಬ್ಯಾಟರಿ ಇಳಿಯುತ್ತಿದೆ ಎಂದು ಅವಳೇ ಕಂಡುಹಿಡಿದು, ಕೊನೆಯ ರೀಡಿಂಗಿನಿಂದ ಮೊದಲಿಗೆ ಹಿಂದಕ್ಕೆ ಇನ್ನೊಮ್ಮೆ ತೆಗೆದು ಸರಾಸರಿ ಮಾಡಿದ್ದಳು. ನಾನು ಅದಕ್ಕೂ ಸಹಿ ಹಾಕಿದ್ದೆ. ಈ ಸಲ ಪತ್ರ ಅಲ್ಲಿಂದ ಶುರುವಾಯಿತು. ಬರೆದು ಮುಗಿಸಿ ಓದಿದರೆ ‘ಹಾರ್ಡ್‌ವರ್ಕಿಂಗ್’ ಎಲ್ಲೂ ಬಂದಿರಲಿಲ್ಲ. ಬೇಕಾಗಿರಲಿಲ್ಲ. ಹುಡುಗನ ಪತ್ರಕ್ಕೂ ಅದೇ ಕ್ರಮ. ಅವನ ರೆಕಾರ್ಡಿನಲ್ಲಿ ಕಷ್ಟಪಟ್ಟು ಮೂರು ಸಲ ಮಾಡಿದ ಪ್ರಯೋಗ ಒಂದು ಸಿಕ್ಕಿತು. ಅವನ ಬಗ್ಗೆ ನಾನು ಅದನ್ನು ಎಂದೂ ಹೇಳಿರಲಿಲ್ಲ. ಅದನ್ನೂ ಬರೆದೆ.

ಇನ್ನೊಂದು. ಈ ನಾಲ್ಕು ಪತ್ರಗಳನ್ನೂ ನನ್ನ ಜೊತೆಯ ಉಪನ್ಯಾಸಕಿಗೆ ಹೆಸರು ತೆಗೆದು, ‘ಅವಳು’ ‘ಅವನು’ ಎಲ್ಲ ಅಳಿಸಿ ಓದಲು ಕೊಟ್ಟೆ. ಯಾವುದು ಹುಡುಗನದ್ದು ಹೇಳಿ ಎಂದೆ. ಅವರು ಎರಡನೆಯದ್ದು ಎಂದರು. ಅದು ಬ್ಯಾಟರಿ ಹುಡುಗಿಯದ್ದು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಳೇ ಹುಡುಗಿಯ ವಿಷಯ ಮಾತ್ರ ಉಳಿದಿದೆ. ಅವಳು ಬಿ.ಇಡಿ ಮಾಡಿ ಈಗ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಳೆ ಎಂದು ಅವಳ ಗೆಳತಿಯಿಂದ ಗೊತ್ತಾಯಿತು. ನಂಬರೂ ಸಿಕ್ಕಿದೆ. ಭಾನುವಾರ ಫೋನ್ ಮಾಡುತ್ತೇನೆ. ಪತ್ರದಲ್ಲಿ ಏನು ಬರೆದಿದ್ದೆ, ಏನು ಬಿಟ್ಟಿದ್ದೆ, ಎರಡನ್ನೂ ಹೇಳಬೇಕು. ಎಂಎಸ್ಸಿ ಮಾಡುವ ಆಸೆ ಇನ್ನೂ ಇದೆಯಾ, ಆ ರೆಕಾರ್ಡ್ ಪುಸ್ತಕ ಇಟ್ಟುಕೊಂಡಿದ್ದಾಳಾ ಎಂದು ಕೇಳಬೇಕು.